ಬೀಳುತ್ತಿರುವ ಚಂದ್ರ

ತೊಟ್ಟು ಕಳಚಿದ ಹಣ್ಣು ನೆಲಕ್ಕೆ ಬೀಳುತ್ತದೆ. ಚಂದ್ರನಾದರೋ ಬೀಳದೆ ಭೂಮಿಯನ್ನು ಸುತ್ತುತ್ತಲೇ ಇದ್ದಾನೆ. ಇವೆರಡನ್ನೂ ಸೆಳೆಯುವ ಶಕ್ತಿ ಒಂದೇ ಆಗಿರಬಹುದೆ? ಇಂಗ್ಲೆಂಡಿನ ಐಸಾಕ್ ನ್ಯೂಟನ್ನನನ್ನು ತಾರುಣ್ಯದಲ್ಲಿಯೇ ಕಾಡಿದ ಪ್ರಶ್ನೆಯಿದು. ಇದರ ಉತ್ತರಕ್ಕೆ ದಾರಿ ತೋರಿದುದು ವೃತ್ತೀಯ ಚಲನೆಯ ಒಂದು ಲೆಕ್ಕ.

ಕವಣೆಯಲ್ಲಿ ಸುತ್ತುವ ಕಲ್ಲಿನ ಜವ ಒಂದೇ ಸಮನಾಗಿರಬಹುದು. ಆದರೆ ಅದು ಸಾಗುವ ದಿಕ್ಕು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ವೇಗವೆಂದರೆ ಜವ ಮಾತ್ರವಲ್ಲ, ಅದರಲ್ಲಿ ದಿಕ್ಕೂ ಸೇರಿದೆ. ದಿಕ್ಕು ಬದಲಾದರೆ ವೇಗ ಬದಲಾದಂತೆ. ವೇಗ ಬದಲಾದಲ್ಲಿ ವೇಗೋತ್ಕರ್ಷವಿರಲೇಬೇಕು. ಸಮಜವದ ವೃತ್ತೀಯ ಚಲನೆಯಲ್ಲಿ ಅದು ಸದಾ ಕೇಂದ್ರಾಭಿಮುಖವಾಗಿರುತ್ತದೆ. ಜವದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ಅದರ ಪರಿಮಾಣ ದೊರೆಯುತ್ತದೆ. ಈ ನಿಯಮವನ್ನು ಹಾಲೆಂಡಿನ ಹೈಗೆನ್ಸ್ ಮತ್ತು ನ್ಯೂಟನ್ ಇಬ್ಬರೂ ಸ್ವತಂತ್ರವಾಗಿ ಕಂಡುಕೊಂಡರು.

ಈಗ ಚಂದ್ರನ ಲೆಕ್ಕ. ಅವನ ಪಥವನ್ನು ವೃತ್ತವೆಂದು ಭಾವಿಸಿದರೆ ತ್ರಿಜ್ಯ ಸುಮಾರು 3,84,000 ಕಿಲೋಮೀಟರ್. ಒಂದು ಸುತ್ತಿಗೆ ಹಿಡಿಯುವ ಕಾಲ 27.3 ದಿನ. ಮೊದಲು ಮಾನಗಳನ್ನು ಹೊಂದಿಸಿಕೊಳ್ಳಬೇಕು: ತ್ರಿಜ್ಯ 38.4 ಕೋಟಿ ಮೀಟರ್, ಕಾಲ ಸುಮಾರು 23.6 ಲಕ್ಷ ಸೆಕೆಂಡು. ಪರಿಧಿಯನ್ನು ಕಾಲದಿಂದ ಭಾಗಿಸಿದರೆ ಜವವು ಸೆಕೆಂಡಿಗೆ ಸುಮಾರು 1,023 ಮೀಟರ್. ಇದರ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದಾಗ ವೇಗೋತ್ಕರ್ಷ ಸುಮಾರು 0.00272 ಮೀ/ಸೆ² ಎಂದು ತಿಳಿಯುತ್ತದೆ.

ನೆಲದ ಬಳಿ ಬೀಳುವ ಹಣ್ಣಿನ ವೇಗೋತ್ಕರ್ಷ 9.8 ಮೀ/ಸೆ². ಚಂದ್ರನದು ಅದರ ಸುಮಾರು 3600ರಲ್ಲಿ ಒಂದು ಪಾಲು. ಭೂಮಿಯ ಕೇಂದ್ರದಿಂದ ಹಣ್ಣು ಇರುವ ದೂರಕ್ಕಿಂತ ಚಂದ್ರನ ದೂರ ಸುಮಾರು 60 ಪಟ್ಟು. 60ರ ವರ್ಗವೇ 3600. ದೂರದ ವರ್ಗಕ್ಕೆ ವಿಲೋಮವಾಗಿ ಸೆಳೆತ ಕುಗ್ಗುತ್ತದೆಂಬ ನ್ಯೂಟನ್ನನ ಊಹೆಗೆ ಇದು ಸರಿಹೊಂದುತ್ತದೆ.

ಆದರೆ ನ್ಯೂಟನ್ನನ ಮೊದಲ ಲೆಕ್ಕದಲ್ಲಿ ಈ ಹೊಂದಿಕೆ ಕಾಣಲಿಲ್ಲ. ಚಂದ್ರನ ದೂರ ಭೂಮಿಯ ತ್ರಿಜ್ಯದ 60ರಷ್ಟೆಂದು ಹಿಡಿದುದು ಸರಿಯೇ ಆಗಿದ್ದಿತು. ಭೂಮಿಯ ತ್ರಿಜ್ಯವನ್ನು ಮಾತ್ರ ಇರುವುದಕ್ಕಿಂತ ಕಡಿಮೆಯೆಂದು ಎಣಿಸಿದ್ದನು. ಅದರಿಂದಾಗಿ 3600ರ ಬದಲು 4000ಕ್ಕೂ ಮಿಕ್ಕ ಸಂಖ್ಯೆ ಬಂದಿತು. ವಿಧಾನದಲ್ಲಿ ದೋಷವಿರಲಿಲ್ಲ, ದೋಷವಿದ್ದುದು ಅಳತೆಯಲ್ಲಿ. ಮುಂದೆ 1669–70ರಲ್ಲಿ ಫ್ರಾನ್ಸಿನ ಖಗೋಳಜ್ಞ ಪಿಕಾರ್ ಭೂಮಿಯನ್ನು ಹೆಚ್ಚು ನಿಖರವಾಗಿ ಅಳೆದನು. 1687ರಲ್ಲಿ ಪ್ರಕಟವಾದ 'ಪ್ರಿನ್ಸಿಪಿಯ' ಗ್ರಂಥದಲ್ಲಿ ನ್ಯೂಟನ್ ಉತ್ತಮವಾದ ಅಳತೆಯನ್ನು ಬಳಸಿ, ಹಣ್ಣನ್ನೂ ಚಂದ್ರನನ್ನೂ ಒಂದೇ ನಿಯಮದಡಿ ತಂದನು.

ಹಾಗಾದರೆ ಚಂದ್ರನು ಬೀಳುತ್ತಿಲ್ಲವೆನ್ನುವುದು ಸರಿಯಲ್ಲ. ನೇರವಾಗಿ ಸಾಗಬೇಕಾದ ದಾರಿಯಿಂದ ಅವನು ಪ್ರತಿ ಸೆಕೆಂಡಿಗೂ ಸುಮಾರು 1.4 ಮಿಲಿಮೀಟರಿನಷ್ಟು ಭೂಮಿಯ ಕಡೆಗೆ ಬೀಳುತ್ತಾನೆ. ಅಷ್ಟರಲ್ಲಿ ಒಂದು ಕಿಲೋಮೀಟರಿಗೂ ಹೆಚ್ಚು ದೂರ ಮುಂದೆ ಸಾಗಿರುತ್ತಾನೆ. ಆದುದರಿಂದಲೇ ಅವನ ಬೀಳುವಿಕೆ ನೆಲವನ್ನು ಮುಟ್ಟದೆ ಸುತ್ತುವಿಕೆಯಾಗಿದೆ.