ಟ್ರಿಪ್ ಆಯಿತೆಂದು ಸಿಡುಕಬೇಡಿ

ಕಣವೇಗವರ್ಧಕದ ಕಂಟ್ರೋಲ್ ರೂಮಿನಲ್ಲಿ ಹೊಸದಾಗಿ ಪಾಳಿಗೆ ಕೂರುವವರೇ, ನೀವು ಜಾಣರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೀಮ್ ಟ್ರಿಪ್ ಆದ ಕೂಡಲೇ ಮುಖ ಸಿಂಡರಿಸಿಕೊಂಡು ರೀಸೆಟ್ ಒತ್ತುತ್ತೀರಲ್ಲ, ಆ ಅಭ್ಯಾಸ ಮೊದಲು ಬಿಡಿ.

ನಿಮ್ಮ ಕೈಯಲ್ಲಿರುವುದು ಎಂಥದ್ದೆಂಬ ಅರಿವಿರಲಿ. ಜಿನೀವಾ ಬಳಿ ಸರ್ನ್ ಕಟ್ಟಿದ ಎಲ್‌ಎಚ್‌ಸಿಯ ಸುತ್ತಳತೆ 27 ಕಿಲೋಮೀಟರ್. ವಿನ್ಯಾಸದ ಲೆಕ್ಕದಂತೆ ಅಲ್ಲಿನ ಒಂದೊಂದು ಬೀಮಿನಲ್ಲೂ 362 ಮೆಗಾಜೂಲ್ ಶಕ್ತಿ; ಅರ್ಧ ಟನ್ ತಾಮ್ರ ಕರಗಲು ಅಷ್ಟು ಸಾಕು. ಪ್ರೋಟಾನುಗಳು ಸೆಕೆಂಡಿಗೆ 11,000ಕ್ಕೂ ಹೆಚ್ಚು ಸುತ್ತು ಹಾಕುತ್ತವೆ. ನೀವು ಗುಂಡಿಯತ್ತ ಕೈ ಚಾಚುವಷ್ಟರಲ್ಲಿ ಆಗಬಾರದ್ದು ಆಗಿಹೋಗಿರುತ್ತದೆ. ಇಂಟರ್‌ಲಾಕ್ ಇರುವುದೇ ಅದಕ್ಕೆ. ಅಪಾಯ ಕಂಡ ಮೂರು ಸುತ್ತಿನೊಳಗೆ ಅದು ಬೀಮನ್ನು ಗ್ರಾಫೈಟ್ ಡಂಪಿಗೆ ಅಟ್ಟಿಬಿಡುತ್ತದೆ.

ಆದ್ದರಿಂದ "ಇವತ್ತೊಂದು ದಿನ" ಎಂದು ಇಂಟರ್‌ಲಾಕ್ ಬೈಪಾಸ್ ಮಾಡಬೇಡಿ. ಪರೀಕ್ಷೆಗೆ ಬೇಕೇ ಬೇಕೆಂದರೆ, ಹಾನಿ ಮಾಡಲಾರದಷ್ಟು ತೆಳು ಬೀಮಿನಲ್ಲಿ ಮಾತ್ರ ಮಾಡಿ, ಮುಗಿದೊಡನೆ ಬೈಪಾಸ್ ತೆಗೆದುಬಿಡಿ. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವಿಲ್ಲ.

ಬೀಮನ್ನಷ್ಟೇ ನೋಡುತ್ತ ಕೂರಬೇಡಿ, ಅಯಸ್ಕಾಂತಗಳ ವಿದ್ಯುತ್ತಿನ ಮೇಲೂ ಕಾವಲಿರಲಿ. 2004ರ ಅಕ್ಟೋಬರ್‌ನಲ್ಲಿ ಸರ್ನ್‌ನ ಎಸ್‌ಪಿಎಸ್ ವೇಗವರ್ಧಕದಿಂದ ಬೀಮ್ ಹೊರತೆಗೆಯುವಾಗ ಸೆಪ್ಟಮ್ ಅಯಸ್ಕಾಂತ ಕೈಕೊಟ್ಟಿತು. ದಾರಿ ತಪ್ಪಿದ ಬೀಮ್ ನಿರ್ವಾತ ಕೊಳವೆಯನ್ನು ಸೀಳಿತು. ಅಲ್ಲಿದ್ದ ಒಂದು ಅಯಸ್ಕಾಂತವನ್ನೇ ಬದಲಿಸಬೇಕಾಯಿತು.

ದೀರ್ಘ ಬಿಡುವಿನ ನಂತರ ಮೊದಲ ದಿನವೇ ಪೂರ್ತಿ ಬೀಮ್ ಬಿಡಬೇಡಿ. ಆತುರಗಾರನಿಗೆ ಬುದ್ಧಿ ಮಟ್ಟ. ತೆಳು ಬೀಮಿನಿಂದ ಶುರುಮಾಡಿ, ಕೊಲಿಮೇಟರುಗಳು ತಮ್ಮ ತಮ್ಮ ಜಾಗದಲ್ಲಿವೆಯೇ ನೋಡಿ, ಬೇಕೆಂದೇ ಸ್ವಲ್ಪ ಬೀಮ್ ಸೋರಿಸಿ ಅದು ಅವುಗಳ ಮೇಲೇ ಬೀಳುತ್ತಿದೆಯೇ ಪರೀಕ್ಷಿಸಿ. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರಿಸಿ.

ಚಿಕ್ಕ ಸೋರಿಕೆಯನ್ನೂ ಕಡೆಗಣಿಸಬೇಡಿ. ಹನಿ ಹನಿ ಕೂಡಿದರೆ ಹಳ್ಳ. ಶಕ್ತಿಶಾಲಿ ಪ್ರೋಟಾನ್ ಯಂತ್ರಗಳಲ್ಲಿ ಮೀಟರಿಗೆ 1 ವ್ಯಾಟ್ ಮೀರಬಾರದೆಂಬ ಅಂಕೆ ಇರುವುದು ಸುಮ್ಮನೆ ಅಲ್ಲ. ಮೀರಿದರೆ ಸುರಂಗದ ಸಾಮಾನೆಲ್ಲ ವಿಕಿರಣ ಸೂಸತೊಡಗುತ್ತದೆ. ನಾಳೆ ಅದನ್ನು ಕೈಯಾರೆ ರಿಪೇರಿ ಮಾಡಬೇಕಾದವರು ನಿಮ್ಮ ಸಹೋದ್ಯೋಗಿಗಳೇ.

ಇನ್ನು ಟ್ರಿಪ್ ಆದರೆ ಸಿಡುಕಬೇಡಿ. ಯಂತ್ರ ತನ್ನನ್ನು ತಾನು ಕಾಪಾಡಿಕೊಂಡಿತೆಂದು ಸಮಾಧಾನಪಡಿ. ದಾಖಲಾದ ಅಂಕಿಗಳನ್ನು ಓದಿ, ಕಾರಣ ತಿಳಿಯುವವರೆಗೆ ಮತ್ತೆ ಬೀಮ್ ತುಂಬಬೇಡಿ. ತಿಳಿದದ್ದನ್ನು ಲಾಗ್ ಪುಸ್ತಕದಲ್ಲಿ ಬರೆದು, ಮುಂದಿನ ಪಾಳಿಯವರಿಗೆ ಬಾಯಿಬಿಟ್ಟು ಹೇಳಿಯೇ ಮನೆಗೆ ಹೊರಡಿ.