ಕಾಯಿ ಹಣ್ಣಾಗುವ ಬಗೆ: ವಿಡಿಯೋ ಗೇಮ್‌ಗಳ ಕೊನೆಯಾಟವನ್ನು ಕುರಿತು

1. ಪೀಠಿಕೆ

ಕನ್ನಡದಲ್ಲಿ ಆಟಗಳ ಅಧ್ಯಯನವು ಬಹುಮಟ್ಟಿಗೆ ಜಾನಪದದ ಅಂಗವಾಗಿ ಬೆಳೆದುಬಂದಿದೆ. ಆಟದ ಹೆಸರು, ಸಲಕರಣೆ, ನಿಯಮ, ಪ್ರಾದೇಶಿಕ ಪ್ರಭೇದ ಇವುಗಳ ಸಂಗ್ರಹಕ್ಕೂ ವರ್ಗೀಕರಣಕ್ಕೂ ಅಲ್ಲಿ ಪ್ರಾಶಸ್ತ್ಯ ದೊರೆತಿದೆ. ಆಡುವವರಿಗೆ ಆಟವು ಯಾವ ಹಂತದಲ್ಲಿ, ಯಾವ ಕಾರಣದಿಂದ ತೃಪ್ತಿ ಕೊಡುತ್ತದೆ ಎಂಬ ಪ್ರಶ್ನೆಗೆ ದೊರೆತ ಗಮನ ಕಡಿಮೆ. ವಿಡಿಯೋ ಗೇಮ್‌ಗಳು ಯುವಜನರ ವಿರಾಮಕಾಲವನ್ನು ವ್ಯಾಪಿಸಿಕೊಂಡಿರುವ ಇಂದು ಈ ಪ್ರಶ್ನೆಯನ್ನು ಬದಿಗಿಡುವಂತಿಲ್ಲ. ಅವುಗಳ ಚರ್ಚೆ ಕನ್ನಡದಲ್ಲಿ ನಡೆದಾಗಲೂ ಪರಿಭಾಷೆ ಹೊರಗಿನಿಂದಲೇ ಬರುತ್ತಿದೆ. ಆದರೆ ಚೌಕಾಬಾರದ ಮನೆಗಳ ಸುತ್ತ ಕುಳಿತವರು ಬಳಸುತ್ತ ಬಂದ ಒಂದು ನುಡಿಗಟ್ಟು ಈ ಆಟಗಳ ಮುಖ್ಯ ಸಮಸ್ಯೆಯೊಂದನ್ನು ವಿವರಿಸಲು ಸಮರ್ಥವಾಗಿದೆ. 'ಕಾಯಿ ಹಣ್ಣಾಗುವುದು' ಎಂಬ ಆ ನುಡಿಗಟ್ಟನ್ನು ವಿಮರ್ಶೆಯ ಪರಿಕಲ್ಪನೆಯಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಸಮಸ್ಯೆಯ ಸ್ವರೂಪ

ಕ್ರಿಯಾಪ್ರಧಾನ ಪಾತ್ರಧಾರಣೆಯ ಆಟಗಳಲ್ಲಿ ಆಟಗಾರನು ಒಬ್ಬ ವೀರನ ಪಾತ್ರವನ್ನು ವಹಿಸಿ, ರಾಕ್ಷಸರೊಡನೆ ಹೋರಾಡಿ, ಅನುಭವಾಂಕಗಳನ್ನೂ ಆಯುಧ ಆಭರಣಗಳನ್ನೂ ಗಳಿಸುತ್ತ ಮಟ್ಟದಿಂದ ಮಟ್ಟಕ್ಕೆ ಏರುತ್ತಾನೆ. 2000ದಲ್ಲಿ ಪ್ರಕಟವಾದ 'ಡಯಾಬ್ಲೋ 2', 2012ರ 'ಡಯಾಬ್ಲೋ 3', 2013ರ 'ಪಾತ್ ಆಫ್ ಎಕ್ಸೈಲ್' ಈ ಪ್ರಕಾರದ ಪ್ರಸಿದ್ಧ ನಿದರ್ಶನಗಳು. ಇವುಗಳಲ್ಲಿ ಕಥೆ ಮುಗಿದರೂ ಆಟ ಮುಗಿಯುವುದಿಲ್ಲ. ಮುಖ್ಯ ಶತ್ರುವಿನ ಸಂಹಾರವಾದ ಮೇಲೂ ಅದೇ ವೀರನೊಡನೆ ನೂರಾರು ಗಂಟೆ ಆಡುವವರಿದ್ದಾರೆ. ಈ ಉತ್ತರಭಾಗವನ್ನು ಇಲ್ಲಿ 'ಕೊನೆಯಾಟ' ಎಂದು ಕರೆಯಲಾಗಿದೆ.

ಕಥೆಯ ಭಾಗದಲ್ಲಿ ಮುಂದೇನಾಗುವುದೆಂಬ ಕುತೂಹಲವೇ ಆಟಗಾರನನ್ನು ನಡೆಸುತ್ತದೆ. ಕೊನೆಯಾಟದಲ್ಲಿ ಆ ಆಧಾರ ಇಲ್ಲ, ಉಳಿಯುವುದು ಏಳಿಗೆಯೊಂದೇ. ಒಂದು ಆಟದಲ್ಲಿ ಈ ಏಳಿಗೆ ಸಾರ್ಥಕವೆನಿಸಿ, ಮತ್ತೊಂದರಲ್ಲಿ ಬರಿಯ ದುಡಿಮೆಯಾಗಿ ತೋರುವುದೇಕೆ? ಗಳಿಕೆ ಹೆಚ್ಚಿದಷ್ಟೂ ತೃಪ್ತಿ ಹೆಚ್ಚುತ್ತದೆ ಎಂಬ ಸರಳ ಉತ್ತರ ಇಲ್ಲಿ ಸಾಲದು.

3. ಚೌಕಾಬಾರದ ಒಳಸುತ್ತು

ಚೌಕಾಬಾರ, ಕಟ್ಟೆಮನೆ ಮೊದಲಾದ ಹೆಸರುಗಳಿಂದ ಪರಿಚಿತವಾದ ಆಟದ ಸಾಮಾನ್ಯ ರೂಪದಲ್ಲಿ 25 ಮನೆಗಳಿವೆ. ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಡುವೆ 1. ನಾಲ್ಕು ಕವಡೆಗಳ ಗರಕ್ಕೆ ತಕ್ಕಂತೆ ಕಾಯಿಗಳು ನಡೆಯುತ್ತವೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಎಂಟರ ಬಾರ. ನಿಯಮಗಳು ಊರಿಂದ ಊರಿಗೆ ವ್ಯತ್ಯಾಸಗೊಳ್ಳುತ್ತವೆಯಾದರೂ ಮೂರು ಅಂಶಗಳು ವ್ಯಾಪಕವಾಗಿವೆ.

ಮೊದಲನೆಯದಾಗಿ, ಎದುರಾಳಿಯ ಒಂದು ಕಾಯನ್ನಾದರೂ ಕಡಿಯದವನಿಗೆ ಒಳಸುತ್ತಿನ ಪ್ರವೇಶವಿಲ್ಲ. ಎಷ್ಟು ದೊಡ್ಡ ಗರ ಬಿದ್ದರೂ ಅವನು ಹೊರಗೇ ಉಳಿಯಬೇಕು. ಎರಡನೆಯದಾಗಿ, ಒಳಸುತ್ತಿನಲ್ಲಿ ನಡಿಗೆಯ ದಿಕ್ಕು ತಿರುಗುತ್ತದೆ. ಹೊರಗೆ ರೂಢಿಯಾಗಿದ್ದ ಲೆಕ್ಕಾಚಾರವನ್ನು ಒಳಗೆ ಹೊಸದಾಗಿ ಮಾಡಬೇಕಾಗುತ್ತದೆ. ಮೂರನೆಯದಾಗಿ, ನಡುಮನೆಗೆ ಸರಿಯಾದ ಗರವೇ ಬೀಳಬೇಕು. ಮೂರು ಮನೆ ದೂರದಲ್ಲಿರುವ ಕಾಯಿಗೆ ಬಾರದಿಂದ ಪ್ರಯೋಜನವಿಲ್ಲ. ಅಲ್ಲಿಯವರೆಗೆ ಅದು ಕಡಿತಕ್ಕೆ ಒಳಗಾಗಿಯೇ ಇರುತ್ತದೆ. ಕಡಿಸಿಕೊಂಡರೆ ಮೊದಲ ಮನೆಯಿಂದ ಮತ್ತೆ ಹೊರಡಬೇಕು. ನಡುಮನೆ ಸೇರಿದ ಕಾಯನ್ನು ಮಾತ್ರ 'ಹಣ್ಣಾಯಿತು' ಎನ್ನುತ್ತಾರೆ.

ಈ ಪದದ ಆಯ್ಕೆ ಗಮನಾರ್ಹ. ಕಾಯಿ ದೊಡ್ಡದಾಗುವುದು ಬೇರೆ, ಹಣ್ಣಾಗುವುದು ಬೇರೆ. ಮೊದಲನೆಯದು ಪ್ರಮಾಣದ ಬದಲಾವಣೆ, ಎರಡನೆಯದು ಗುಣದ ಬದಲಾವಣೆ. ಗರದ ಮೊತ್ತ ಕಾಯನ್ನು ಮುಂದಕ್ಕೆ ಒಯ್ಯಬಲ್ಲುದೇ ಹೊರತು ಹಣ್ಣು ಮಾಡಲಾರದು. ಅದಕ್ಕೆ ದಾಟಬೇಕಾದ ಹೊಸ್ತಿಲು, ತಿರುಗಿದ ದಾರಿ, ಕೊನೆಯವರೆಗೂ ಉಳಿದ ಅಪಾಯ ಈ ಮೂರೂ ಬೇಕು.

ಪರಮಪದ ಸೋಪಾನಪಟದೊಡನೆ ಹೋಲಿಸಿದಾಗ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಅಲ್ಲಿಯೂ ಕೊನೆಯವರೆಗೆ ಅಪಾಯವಿದೆ. ಪರಮಪದದ ಸಮೀಪದಲ್ಲಿಯೂ ಹಾವಿನ ಬಾಯಿ ಕಾದಿರುತ್ತದೆ. ಆದರೆ ಯಾವ ಕಾಯನ್ನು ನಡೆಸಬೇಕು, ಯಾವುದನ್ನು ಕಾಪಾಡಬೇಕು ಎಂಬ ವಿವೇಚನೆಗೆ ಅಲ್ಲಿ ಅವಕಾಶವಿಲ್ಲ. ಆ ಆಟ ಕರ್ಮಫಲವನ್ನು ಬೋಧಿಸುತ್ತದೆ, ಆಡುವವನ ಪರಿಣತಿಯನ್ನು ಪರೀಕ್ಷಿಸುವುದಿಲ್ಲ. ಚೌಕಾಬಾರದ ಹಣ್ಣಿನಲ್ಲಿ ಗರದ ಪಾಲೂ ಉಂಟು, ಆಡಿದವನ ಪಾಲೂ ಉಂಟು.

4. ಕೊನೆಯಾಟದಲ್ಲಿ ಹಣ್ಣಾಗುವಿಕೆ

ಈ ಪರಿಕಲ್ಪನೆಯಿಂದ ನೋಡಿದಾಗ ಮೇಲೆ ಹೆಸರಿಸಿದ ಆಟಗಳ ಗುಣದೋಷಗಳು ಬೇರೆ ಬೇರೆಯಾಗಿ ಕಾಣುತ್ತವೆ. 'ಡಯಾಬ್ಲೋ 2'ರಲ್ಲಿ ಒಂದೇ ಕಥೆಯನ್ನು ನಾರ್ಮಲ್, ನೈಟ್‌ಮೇರ್, ಹೆಲ್ ಎಂಬ ಮೂರು ಕಾಠಿಣ್ಯಗಳಲ್ಲಿ ಕ್ರಮವಾಗಿ ಆಡಬೇಕು. ಕೊನೆಯ ಆವರಣದಲ್ಲಿ ಶತ್ರುಗಳ ಬಲ ಹೆಚ್ಚುವುದಷ್ಟೇ ಅಲ್ಲ, ಅನೇಕ ರಾಕ್ಷಸರಿಗೆ ಬೆಂಕಿಯೋ ಹಿಮವೋ ತಾಗುವುದೇ ಇಲ್ಲ. ಬೆಂಕಿಯೊಂದನ್ನೇ ನಂಬಿ ಬಂದ ಮಾಂತ್ರಿಕನು ತನ್ನ ವಿದ್ಯೆಯನ್ನು ಮರುಚಿಂತಿಸಬೇಕಾಗುತ್ತದೆ. ಇದು ಚೌಕಾಬಾರದಲ್ಲಿ ದಿಕ್ಕು ತಿರುಗುವುದಕ್ಕೆ ಸಮಾನವಾದ ರಚನೆ. ಮಟ್ಟಗಳ ಮಿತಿ 99. ಮೇಲಿನ ಎರಡು ಆವರಣಗಳಲ್ಲಿ ಸತ್ತರೆ ಗಳಿಸಿದ ಅನುಭವದ ಒಂದಂಶ ನಷ್ಟವಾಗುತ್ತದೆ. ತುದಿಯ ಹತ್ತಿರ ಹೋದಷ್ಟೂ ಈ ನಷ್ಟ ಭಾರವಾಗುವುದರಿಂದ ಕೊನೆಯ ಹೆಜ್ಜೆಗಳಿಗೆ ಬೆಲೆ ಬರುತ್ತದೆ.

'ಪಾತ್ ಆಫ್ ಎಕ್ಸೈಲ್' ಇದನ್ನು ಬೇರೆ ಬಗೆಯಲ್ಲಿ ಸಾಧಿಸಿದೆ. ಅಲ್ಲಿ ಕೊನೆಯಾಟದ ರಣಭೂಮಿಗಳು 'ನಕಾಶೆ'ಗಳ ರೂಪದಲ್ಲಿ ಆಟಗಾರನ ಕೈಗೆ ಸಿಗುತ್ತವೆ. ಅವನು ತನ್ನಲ್ಲಿರುವ ದ್ರವ್ಯಗಳನ್ನು ವ್ಯಯಿಸಿ ನಕಾಶೆಯನ್ನು ಹೆಚ್ಚು ಅಪಾಯಕರವಾಗಿಯೂ ಅದರಿಂದಲೇ ಹೆಚ್ಚು ಫಲಪ್ರದವಾಗಿಯೂ ಮಾಡಿಕೊಳ್ಳಬಹುದು. ಅಪಾಯದ ಅಳತೆಯನ್ನು ಆಡುವವನೇ ಗೊತ್ತುಮಾಡುವುದರಿಂದ ಗೆಲುವಿನಲ್ಲಿ ಅವನ ಪಾಲು ಸ್ಪಷ್ಟವಾಗುತ್ತದೆ.

'ಡಯಾಬ್ಲೋ 3'ರ ಇತಿಹಾಸ ಇದಕ್ಕೆ ಪ್ರತಿಯಾದ ಪಾಠವನ್ನು ನೀಡುತ್ತದೆ. ಆರಂಭದಲ್ಲಿ ಅದರೊಳಗೆ ಒಂದು ಹರಾಜು ಮಾರುಕಟ್ಟೆಯಿತ್ತು. ಅಲ್ಲಿ ಆಟದ ಚಿನ್ನದಿಂದ ಮಾತ್ರವಲ್ಲದೆ ನಿಜವಾದ ಹಣದಿಂದಲೂ ಆಯುಧಗಳನ್ನು ಕೊಳ್ಳಬಹುದಿತ್ತು. ಹೋರಾಡಿ ಗಳಿಸುವ ಮೂಲ ಸ್ವಾರಸ್ಯವನ್ನೇ ಅದು ಕುಂದಿಸುತ್ತಿದೆಯೆಂದು ತಯಾರಕ ಸಂಸ್ಥೆಯಾದ ಬ್ಲಿಝಾರ್ಡ್ ಒಪ್ಪಿ, 2014ರ ಮಾರ್ಚ್‌ನಲ್ಲಿ ಅದನ್ನು ಮುಚ್ಚಿತು. ಒಂದು ಕಾಯನ್ನೂ ಕಡಿಯದವನು ಕಾಸು ಕೊಟ್ಟು ಒಳಸುತ್ತಿಗೆ ನುಗ್ಗಿದರೆ ಚೌಕಾಬಾರಕ್ಕೆ ಒದಗುವ ಗತಿಯೇ ಈ ಆಟಕ್ಕೂ ಒದಗಿತ್ತು. ಅದೇ ಆಟದಲ್ಲಿ 2012ರಲ್ಲಿ ಸೇರಿಸಲಾದ 'ಪ್ಯಾರಗಾನ್' ಮಟ್ಟಗಳಿಗೆ ಮೊದಲು 100ರ ಮಿತಿಯಿತ್ತು. 2014ರಲ್ಲಿ ಆ ಮಿತಿ ತೆಗೆಯಲ್ಪಟ್ಟಿತು. ಒಂದು ಹಂತದ ಆಚೆಗೆ ಪ್ರತಿಯೊಂದು ಮಟ್ಟವೂ ಅದೇ ಬಗೆಯ ಅಂಕಗಳ ಕೂಡಿಕೆಯಾಗಿ ಉಳಿಯಿತು. ಅಂಕಿ ಏರುವುದನ್ನೇ ಸುಖವೆಂದು ಭಾವಿಸುವ ಆಟಗಾರರೂ ಇದ್ದಾರೆ, ನಿಜ. ಆದರೆ ಇಲ್ಲಿ ಕಾಯಿ ದಪ್ಪವಾಗುತ್ತ ಹೋಗುತ್ತದೆ, ಹಣ್ಣಾಗುವುದಿಲ್ಲ.

ಕನ್ನಡದ 'ಹಣ್ಣಾಗು' ಎಂಬ ಕ್ರಿಯಾಪದಕ್ಕೆ ಇನ್ನೊಂದು ಅರ್ಥವೂ ಇದೆ. ದುಡಿದು ಹಣ್ಣಾದ, ಅಲೆದು ಹಣ್ಣಾದ ಎಂಬ ಪ್ರಯೋಗಗಳಲ್ಲಿ ಅದು ಬಳಲಿ ಬಸವಳಿದುದನ್ನು ಸೂಚಿಸುತ್ತದೆ. ಪಕ್ವತೆಯನ್ನೂ ದಣಿವನ್ನೂ ಒಂದೇ ಪದದಲ್ಲಿ ಹಿಡಿದಿರುವ ಈ ಭಾಷಿಕ ಸಂಗತಿ ಕೊನೆಯಾಟದ ಸಮಸ್ಯೆಯನ್ನು ಖಚಿತವಾಗಿ ಹೇಳುತ್ತದೆ. ಕಾಯಿ ಹಣ್ಣಾಗದ ಆಟದಲ್ಲಿ ಆಡುವವನೇ ಹಣ್ಣಾಗುತ್ತಾನೆ.

5. ಮಾನ್ಯತೆಯ ಪ್ರಶ್ನೆ

ತೃಪ್ತಿಗೆ ಆಟದ ಹೊರಗಿನ ಒಂದು ಕಾರಣವೂ ಉಂಟು. ಸಾಧನೆಯನ್ನು ಗುರುತಿಸುವ ಬಳಗ ಇದ್ದಾಗಲೇ ಅದು ಪೂರ್ಣವಾಗುತ್ತದೆ. ಇದಕ್ಕೆ ಕೊಡಗಿನ ಪರಂಪರೆಯಲ್ಲಿ ಸ್ಪಷ್ಟವಾದ ನಿದರ್ಶನವಿದೆ. ವಿರಾಜಪೇಟೆಯಿಂದ ಕೇರಳದ ಇರಿಟ್ಟಿಗೆ ಇಳಿಯುವ ಘಟ್ಟದ ದಾರಿಯಲ್ಲಿ, ರಾಜ್ಯದ ಗಡಿಗೆ ತಾಗಿರುವ ಮಾಕುಟ್ಟದ ಸುತ್ತಣ ನಿತ್ಯಹರಿದ್ವರ್ಣದ ಕಾಡು ಒಂದು ಕಾಲದ ಕೊಡಗಿನ ಬದುಕು ಎಂಥ ಪರಿಸರದಲ್ಲಿ ನಡೆಯಿತೆಂಬುದನ್ನು ಇಂದಿಗೂ ತೋರಿಸುತ್ತದೆ. ಇಂಥ ಕಾಡುಗಳ ನಡುವೆ ಬಾಳಿದ ಕೊಡವರಲ್ಲಿ ಹುಲಿಯನ್ನು ಕೊಂದವನಿಗೆ 'ನರಿ ಮಂಗಲ' ಎಂಬ ಗೌರವ ಸಲ್ಲುತ್ತಿತ್ತು. ಕೊಡವ ಭಾಷೆಯಲ್ಲಿ 'ನರಿ' ಎಂದರೆ ಹುಲಿ, 'ಮಂಗಲ' ಎಂದರೆ ಮದುವೆ. ಬೇಟೆಗಾರನನ್ನು ಮದುಮಗನಂತೆ ಕುಳ್ಳಿರಿಸಿ, ನೆರೆದವರು ಅಕ್ಕಿಯಿಟ್ಟು ಹರಸುತ್ತಿದ್ದರು. ಗಲ್ಲೆಮೀಸೆ ಬಿಡುವ ಅಧಿಕಾರವೂ ಅವನಿಗೆ ಬರುತ್ತಿತ್ತು.

ಇಲ್ಲಿ ಪರಿಗಣಿಸಬೇಕಾದುದು ಕೊಂದ ಹುಲಿಗಳ ಲೆಕ್ಕವಲ್ಲ. ಒಂದೇ ಕೃತ್ಯದಿಂದ ವ್ಯಕ್ತಿಯ ಸ್ಥಾನ ಬದಲಾಗುತ್ತಿತ್ತು, ಆ ಬದಲಾವಣೆಗೆ ಊರು ಸಾಕ್ಷಿಯಾಗುತ್ತಿತ್ತು, ಅದರ ಗುರುತು ಮುಖದ ಮೇಲೆ ಉಳಿಯುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನಂತರ ಹುಲಿಬೇಟೆಗೆ ಅವಕಾಶವಿಲ್ಲ, ಇರಕೂಡದು ಕೂಡ. ಆದರೆ ಆ ಆಚರಣೆಯ ರಚನೆಯು ಮಾನ್ಯತೆಯ ಸ್ವರೂಪವನ್ನು ಅರಿಯಲು ನೆರವಾಗುತ್ತದೆ. ಕೊನೆಯಾಟದಲ್ಲಿ ದೊರೆಯುವ ಅಪೂರ್ವ ಆಯುಧವೂ ಸಹ ಆಟಗಾರರು ಗುರುತಿಸಿದಾಗಲೇ ಗಲ್ಲೆಮೀಸೆಯಂತೆ ಅರ್ಥ ಪಡೆಯುತ್ತದೆ; ಎಲ್ಲರಲ್ಲಿಯೂ ಅದೇ ಇದ್ದರೆ ಅದು ಬರಿಯ ಸಾಮಗ್ರಿ.

6. ಸಮಾರೋಪ

ಈ ಹೋಲಿಕೆಗೆ ಮಿತಿಗಳಿವೆ. ಚೌಕಾಬಾರದಲ್ಲಿ ಎದುರಾಳಿ ಮನುಷ್ಯ. ಮೇಲಿನ ಆಟಗಳಲ್ಲಿ ಪ್ರಧಾನವಾಗಿ ಯಂತ್ರ. ಚೌಕಾಬಾರ ಒಂದು ಮಧ್ಯಾಹ್ನದೊಳಗೆ ಮುಗಿಯುತ್ತದೆ. ಕೊನೆಯಾಟಕ್ಕೆ ಮುಕ್ತಾಯವೇ ಇಲ್ಲ. ಆದರೆ ಎರಡನೆಯ ವ್ಯತ್ಯಾಸ ಪ್ರಸ್ತುತ ವಾದವನ್ನು ಬಲಪಡಿಸುವಂಥದು. ಕೆಲವು ತಿಂಗಳಿಗೊಮ್ಮೆ ಎಲ್ಲರೂ ಹೊಸ ವೀರನೊಡನೆ ಬರಿಗೈಯಲ್ಲಿ ಆರಂಭಿಸುವ 'ಸೀಸನ್', 'ಲೀಗ್' ಎಂಬ ಪದ್ಧತಿಗಳನ್ನು ಈ ಆಟಗಳು ಅಳವಡಿಸಿಕೊಂಡಿವೆ. ಇದು ಒಂದಾಟ ಮುಗಿದೊಡನೆ ಕಾಯಿಗಳನ್ನು ಬಳಿದು ಮತ್ತೆ ಮೊದಲ ಮನೆಯಲ್ಲಿ ಇಡುವುದಕ್ಕೆ ಸಮಾನ. ಮುಗಿತಾಯವಿಲ್ಲದೆ ಮಾಗುವಿಕೆಯಿಲ್ಲ ಎಂಬುದನ್ನು ಯಂತ್ರಯುಗದ ಆಟವೂ ಒಪ್ಪಿಕೊಂಡಂತಾಗಿದೆ.

ಹೀಗೆ ಕೊನೆಯಾಟದ ಏಳಿಗೆ ತೃಪ್ತಿಕರವಾಗಲು ಅರ್ಹತೆಯಿಂದ ದಾಟುವ ಹೊಸ್ತಿಲು, ಆಚೆಗೆ ಬದಲಾಗುವ ನಿಯಮ, ಕೊನೆಯವರೆಗಿನ ಅಪಾಯ, ಸಾಕ್ಷಿಯಾಗುವ ಬಳಗ, ಒಂದು ಮುಕ್ತಾಯ ಇವು ಅಗತ್ಯವೆನ್ನಬಹುದು. ಗ್ರಾಮೀಣ ಆಟಗಳನ್ನು ಸಂಗ್ರಹಿಸುವ ಸಂಶೋಧಕರು ನಿಯಮಗಳೊಡನೆ ಆಟದ ನಡುವೆ ಆಡುವ ಮಾತುಗಳನ್ನೂ ದಾಖಲಿಸುವುದು ಅವಶ್ಯ. ಗಟ್ಟಿ, ಕಡಿ, ಕಟ್ಟೆ, ಹಣ್ಣು ಇಂಥ ಪದಗಳಲ್ಲಿ ಆಟದ ಅನುಭವವನ್ನು ಕುರಿತ ಚಿಂತನೆ ಅಡಗಿದೆ. ಚೌಕಾಬಾರ ಆಡುವವರು ಕಡಿಮೆಯಾದಂತೆ ಈ ಮಾತುಗಳೂ ಮರೆಯಾಗುತ್ತವೆ. ಹೊಸ ಆಟಗಳನ್ನು ಕನ್ನಡದಲ್ಲಿ ವಿಮರ್ಶಿಸಲು ಬೇಕಾದ ಪರಿಭಾಷೆಯ ಒಂದು ಪಾಲು ಅವುಗಳಲ್ಲಿಯೇ ಇದೆ.