ಎಳೆಯುವ ಪಂಪು, ತಳ್ಳುವ ಪಂಪು

ಸಣ್ಣ ವಿಮಾನದ ಎಂಜಿನ್ ಚಾಲೂ ಮಾಡುವ ಬಗ್ಗೆ ನಾನು ಓದಿದ ಕೈಪಿಡಿಗಳೆಲ್ಲ ಚಳಿ ದೇಶದಲ್ಲಿ ಕೂತು ಬರೆದಂಥವು. ತಣ್ಣಗಿರುವ ಎಂಜಿನ್ನಿಗೆ ಎಷ್ಟು ಸಲ ಪ್ರೈಮ್ ಮಾಡಬೇಕು (ಚಾಲೂ ಮಾಡುವ ಮೊದಲು ಇಂಧನ ಊಡಬೇಕು), ಹಿಮ ಬಿದ್ದಿದ್ದರೆ ಎಷ್ಟು ಎಂದು ಪುಟಗಟ್ಟಲೆ ವಿವರಿಸಿ, ಬಿಸಿ ಎಂಜಿನ್ನಿನ ವಿಷಯವನ್ನು ಒಂದು ಪ್ಯಾರಾದಲ್ಲಿ ಮುಗಿಸಿರುತ್ತಾರೆ. ಹೈದರಾಬಾದಿನಲ್ಲಿ ಈ ಲೆಕ್ಕ ತಿರುವುಮುರುವು. ಬೇಗಂಪೇಟೆಯ ಹ್ಯಾಂಗರಿನಲ್ಲಿ ತರಬೇತಿ ವಿಮಾನಗಳ ಎಂಜಿನ್ ನೋಡಿಕೊಳ್ಳುತ್ತಿದ್ದ ವರ್ಷಗಳಲ್ಲಿ ಚಳಿಗೆ ಮುನಿಸಿಕೊಂಡ ಎಂಜಿನ್ ಕಂಡದ್ದು ಅಪರೂಪ. ಕೈಕೊಟ್ಟಿದ್ದೆಲ್ಲ ಮೇ ತಿಂಗಳ ಮಧ್ಯಾಹ್ನ: ಒಂದು ಹಾರಾಟ ಮುಗಿಸಿ ಇಳಿದು, ಚಹಾ ಕುಡಿದು ಬಂದು, ಮತ್ತೆ ಚಾಲೂ ಮಾಡಹೋದಾಗ.

ಕಾರಣ ಸರಳ. ಹಾರುವಾಗ ಎಂಜಿನ್ನಿನ ಹೊದಿಕೆಯಾದ ಕೌಲಿಂಗಿನ ಒಳಗೆ ಗಾಳಿ ನುಗ್ಗಿ ಎಂಜಿನ್ನನ್ನು ತಣಿಸುತ್ತಿರುತ್ತದೆ. ನಿಲ್ಲಿಸಿದ ಕೂಡಲೇ ಆ ಗಾಳಿ ನಿಂತು, ಸಿಲಿಂಡರುಗಳ ಶಾಖವೆಲ್ಲ ಮೇಲೆದ್ದು ಪೈಪು, ಪಂಪು, ಕಾರ್ಬುರೇಟರಿಗೆ ತಗಲುತ್ತದೆ. ಹಾಗಾಗಿ ಎಂಜಿನ್ ಓಡುವಾಗ ಇದ್ದುದಕ್ಕಿಂತ, ನಿಂತು ಕಾಲು ಗಂಟೆ ಕಳೆದ ಮೇಲೆ ಅಲ್ಲಿ ಬಿಸಿ ಹೆಚ್ಚು. ಪೈಪಿನಲ್ಲಿ ಉಳಿದ ಇಂಧನ ಆವಿಯಾಗಿ ಗುಳ್ಳೆ ಕಟ್ಟುತ್ತದೆ. ದ್ರವ ಎತ್ತಲೆಂದು ಮಾಡಿದ ಪಂಪಿಗೆ ಆವಿ ಸಿಕ್ಕರೆ ಅದು ಸುಮ್ಮನೆ ಬಡಿದುಕೊಳ್ಳುತ್ತದೆ, ಅಷ್ಟೇ. ವೇಪರ್ ಲಾಕ್ ಎನ್ನುವುದು ಇದನ್ನೇ.

ನನಗೆ ಕೆಲಸ ಕಲಿಸಿದವರು ಬೆಂಗಳೂರಿನ ಎಚ್‌ಎಎಲ್‌ನ ಪುಷ್ಪಕ್ ವಿಮಾನದಲ್ಲಿ ಪಳಗಿದವರು; ನಾನು ಕಲಿತದ್ದು ಸೆಸ್ನಾ 152ರ ಮೇಲೆ. ಎರಡರಲ್ಲೂ ರೆಕ್ಕೆ ತಲೆಯ ಮೇಲೆ. ಸೆಸ್ನಾದಲ್ಲಿ ಟ್ಯಾಂಕೂ ರೆಕ್ಕೆಯಲ್ಲೇ ಇರುವುದರಿಂದ ಇಂಧನ ತಾನಾಗಿ ಇಳಿದು ಬರುತ್ತದೆ. ಮುಕ್ಕಾಲು ಮೀಟರ್ ಇಳಿತಕ್ಕೆ ಸಿಗುವ ಒತ್ತಡ ಒಂದು ಪಿಎಸ್‌ಐ ಕೂಡ ಅಲ್ಲ, ಆದರೂ ಫ್ಲೋಟ್ ಕಾರ್ಬುರೇಟರಿಗೆ ಅಷ್ಟು ಸಾಕು. ಅಲ್ಲಿ ಇಂಧನ ತಳ್ಳಿಕೊಡುವ ವಿದ್ಯುತ್ತಿನ ಬೂಸ್ಟ್ ಪಂಪು ಇಲ್ಲ, ಇರುವುದು ಕೈಯಲ್ಲಿ ಎಳೆದು ಒತ್ತುವ ಪ್ರೈಮರ್ ಒಂದೇ. ಒತ್ತಿದ ಮೇಲೆ ಅದನ್ನು ತಿರುಗಿಸಿ ಬೀಗ ಹಾಕಲೇಬೇಕು. ಇಲ್ಲದಿದ್ದರೆ ಎಂಜಿನ್ ಆ ದಾರಿಯಿಂದಲೂ ಇಂಧನ ಹೀರಿಕೊಂಡು, ಥ್ರಾಟಲ್ ತಗ್ಗಿಸಿದಾಗ ಕುಂಟತೊಡಗುತ್ತದೆ. ಆಗ ಮ್ಯಾಗ್ನೆಟೊ ಬಿಚ್ಚಿ ಕೂರುವವರೇ ಜಾಸ್ತಿ. ಪ್ರೈಮರಿನ ಗುಂಡಿ ಮುಟ್ಟಿ ನೋಡುವವರು ಕಡಿಮೆ.

ಕೆಳರೆಕ್ಕೆಯ ವಿಮಾನದ ಕತೆಯೇ ಬೇರೆ ಎಂದು ಸರಿಯಾಗಿ ಅರ್ಥವಾದದ್ದು, ಗೆಳೆಯರೊಬ್ಬರು ಎರಡು ಆಸನದ ಕಿಟ್ ತರಿಸಿ ನಾದರ್‌ಗುಲ್ ಕಡೆಯ ಶೆಡ್ಡಿನಲ್ಲಿ ಜೋಡಿಸತೊಡಗಿದಾಗ. ನಮ್ಮಲ್ಲಿ ಮನೆಯಲ್ಲೇ ವಿಮಾನ ಕಟ್ಟುವವರು ವಿರಳ. ಮುಂಬಯಿಯ ಅಮೋಲ್ ಯಾದವ್ ತಾರಸಿಯ ಮೇಲೆ ಕಟ್ಟಿದ ವಿಮಾನಕ್ಕೆ ನೋಂದಣಿ ಸಿಕ್ಕಿದ್ದು 2017ರಲ್ಲಿ, ಬಹಳ ವರ್ಷ ಓಡಾಡಿದ ಮೇಲೆ. ನಮ್ಮ ಗೆಳೆಯರಿಗೆ ಕಾಗದಪತ್ರದ ಚಿಂತೆ ಇದ್ದೇ ಇತ್ತು, ನನ್ನ ಚಿಂತೆ ಪಂಪಿನದು. ಎಂಜಿನ್ ರೋಟಾಕ್ಸ್ 912 ಯುಎಲ್‌ಎಸ್, ನೂರು ಅಶ್ವಶಕ್ತಿಯದು. ಅದರ ಸ್ವಂತ ಪಂಪು ಮುಂದೆ ಗೇರ್‌ಬಾಕ್ಸಿನ ಮೇಲೆ, ಟ್ಯಾಂಕುಗಳು ಹಿಂದೆ ಕೆಳಗೆ.

"ಬೂಸ್ಟ್ ಪಂಪ್ ಎಂಜಿನ್ ಬದೀಗೆ ಇಟ್ರ ಚಲೋ ಅಲ್ರೀ? ವೈರಿಂಗ್ ಕಡಿಮಿ ಆಗ್ತದ" ಎಂದರು.

ಅವರೂ ನಮ್ಮ ಬೀದರ್ ಕಡೆಯವರೇ, ಹೊಲ ಬಾವಿ ನೋಡಿ ಬೆಳೆದವರು. ಬಾವಿಯ ದಡದ ಮೇಲಿನ ಮೋಟಾರು ನೆನಪಿಸಿದೆ. ದಡದ ಮೋಟಾರು ನೀರನ್ನು ಎಳೆಯಬೇಕು. ನೀರು ಆಳಕ್ಕಿಳಿದರೆ, ಫುಟ್ ವಾಲ್ವ್ ಸೋರಿದರೆ, ಗಾಳಿ ಹಿಡಿಯುತ್ತದೆ. ಸಬ್‌ಮರ್ಸಿಬಲ್ಲಿಗೆ ಆ ತಾಪತ್ರಯವಿಲ್ಲ, ಅದು ಕೆಳಗಿನಿಂದ ತಳ್ಳುತ್ತದೆ. ಪೆಟ್ರೋಲಿನಲ್ಲಿ ಇನ್ನೊಂದು ತೊಡಕಿದೆ: ಎಳೆದಷ್ಟೂ ಪೈಪಿನೊಳಗಿನ ಒತ್ತಡ ಇಳಿಯುತ್ತದೆ, ಒತ್ತಡ ಇಳಿದಷ್ಟೂ ಅದು ಬೇಗ ಕುದಿಯುತ್ತದೆ. ಬೇಗಂಪೇಟೆ ಸಮುದ್ರಮಟ್ಟದಿಂದ 531 ಮೀಟರ್ ಮೇಲಿದೆ, ಅಂದರೆ ಹೊರಗಿನ ಗಾಳಿಯ ಒತ್ತಡವೂ ಮೊದಲೇ ಸ್ವಲ್ಪ ಕಡಿಮೆ. ಪಂಪನ್ನು ಟ್ಯಾಂಕಿನ ಪಕ್ಕ, ಎಂಜಿನ್ ಕೋಣೆಯ ಗೋಡೆಯಿಂದ ಹಿಂದೆ, ತಂಪಿನಲ್ಲಿ ಇಟ್ಟರೆ ಎಂಜಿನ್ನಿನವರೆಗೂ ಪೈಪು ಒತ್ತಡದಲ್ಲೇ ಇರುತ್ತದೆ. ವೈರು ಎರಡು ಮೀಟರ್ ಹೆಚ್ಚು ಬೇಕಾಯಿತು, ಹಾಕಿದೆವು.

ಪಂಪು ಜೋರಾಗಿದ್ದರೆ ಒಳ್ಳೆಯದು ಎಂಬುದೂ ಸುಳ್ಳು. ಈ ಎಂಜಿನ್ನಿಗೆ ಬೇಕಾದದ್ದು 0.15ರಿಂದ 0.4 ಬಾರ್, ಹೊಸ ಮಾದರಿಯ ಪಂಪಿದ್ದರೆ 0.5 ಬಾರ್ ತನಕ. ಅದನ್ನು ಮೀರಿದರೆ ಕಾರ್ಬುರೇಟರಿನ ಸೂಜಿ ಕೂರುವುದಿಲ್ಲ, ಪೆಟ್ರೋಲು ಉಕ್ಕಿ ಸುರಿಯುತ್ತದೆ. ಆವಿಯ ಗುಳ್ಳೆಗಳನ್ನು ಟ್ಯಾಂಕಿಗೆ ವಾಪಸ್ ಕಳಿಸುವ ಸಣ್ಣ ಪೈಪೊಂದಿದೆ, ಅದನ್ನು ಬಿಡುವಂತಿಲ್ಲ. ಆ ಪೈಪು ಬಲ ಟ್ಯಾಂಕಿಗೆ ಹೋಗುವಂತಿದ್ದು, ನೀವು ಎಡ ಟ್ಯಾಂಕಿನಿಂದ ಹಾರುತ್ತಿದ್ದರೆ ಬಲದ್ದು ತುಂಬಿ ಚೆಲ್ಲುತ್ತದೆ.

ಇಂಧನದ ಹರಿವನ್ನು ಅಳೆಯುವುದು ಬೇಸರದ ಕೆಲಸ, ಆದರೆ ನನ್ನ ಮಟ್ಟಿಗೆ ಇಡೀ ಜೋಡಣೆಯಲ್ಲಿ ಅದರಷ್ಟು ಮುಖ್ಯವಾದದ್ದು ಇನ್ನೊಂದಿಲ್ಲ. ಪಂಪಿನಿಂದ ನಡೆಯುವ ವ್ಯವಸ್ಥೆಯಲ್ಲಿ, ಟೇಕಾಫ್‌ಗೆ ಬೇಕಾದ ಇಂಧನದ 125 ಶೇಕಡಾ ಹರಿಯಬೇಕೆಂಬುದು ಅಮೆರಿಕದ ಹಳೆಯ ನಿಯಮ. ತಾನಾಗಿ ಇಳಿಯುವಂಥದ್ದಕ್ಕೆ 150. ಈ ಎಂಜಿನ್ ಪೂರ್ತಿ ಶಕ್ತಿಯಲ್ಲಿ ಗಂಟೆಗೆ 27 ಲೀಟರ್ ಕುಡಿಯುತ್ತದೆ, ಅಂದರೆ ಗಂಟೆಗೆ 34 ಲೀಟರ್ ಹರಿವು ಕಾಣಬೇಕು. ಮೂತಿ ಎತ್ತಿ ನಿಲ್ಲಿಸಿ, ಟ್ಯಾಂಕಿನಲ್ಲಿ ತಳ ಮುಟ್ಟುವಷ್ಟೇ ಇಂಧನ ಬಿಟ್ಟು, ಅಳತೆಯ ಡಬ್ಬಿಗೆ ಹಿಡಿದೆವು. ಗೆಳೆಯರು ಬೆಳಗಿನ ತಂಪಿನಲ್ಲಿ ಮುಗಿಸೋಣ ಎಂದರು. ನಾನು ಮಧ್ಯಾಹ್ನ ಮೂರು ಗಂಟೆಗೇ ಆಗಬೇಕೆಂದು ಹಟ ಹಿಡಿದೆ. ಬೆಳಗಿನ ಅಂಕಿ ಮಧ್ಯಾಹ್ನ ಕೆಲಸಕ್ಕೆ ಬಾರದು.

ಯಾವ ಇಂಧನ ಎಂಬುದು ಈಗ ಹೊಸ ತಲೆನೋವು. ರೋಟಾಕ್ಸ್ 912 ಒಪ್ಪುವ ಎಥನಾಲ್ 10 ಶೇಕಡಾ ಮಾತ್ರ. ಬಂಕಿನಲ್ಲಿ ಈಗ ಸಿಗುವುದು 20 ಶೇಕಡಾ ಬೆರೆಸಿದ್ದು. ಗೆರೆ ಎಳೆದ ಗಾಜಿನ ಕೊಳವೆಯಲ್ಲಿ ನೀರು, ಪೆಟ್ರೋಲು ಹಾಕಿ ಅಲ್ಲಾಡಿಸಿ ಇಟ್ಟರೆ, ಎಥನಾಲ್ ನೀರಿಗೆ ಸೇರಿ ತಳದ ಪದರ ಏರುತ್ತದೆ. ಎಷ್ಟಿದೆಯೆಂದು ಕಣ್ಣಿಗೇ ಕಾಣುತ್ತದೆ. ಉಳಿದ ದಾರಿ ಆವ್‌ಗ್ಯಾಸ್. ಇಂಡಿಯನ್ ಆಯಿಲ್ ಅದನ್ನು 2022ರಿಂದ ಇಲ್ಲೇ ತಯಾರಿಸುತ್ತಿದೆ. ಅದು ಅಷ್ಟು ಸುಲಭವಾಗಿ ಆವಿಯಾಗುವುದಿಲ್ಲ, ನಮ್ಮ ಬಿಸಿಲಿಗೆ ಹೇಳಿ ಮಾಡಿಸಿದ್ದು. ಆದರೆ ಅದರಲ್ಲಿ ಸೀಸ ಇರುವುದರಿಂದ ಎಣ್ಣೆಯನ್ನು 100 ಗಂಟೆಗೆ ಬದಲು 50 ಗಂಟೆಗೇ ಬದಲಿಸಬೇಕು.

ಇನ್ನು ಚಾಲೂ ಮಾಡುವುದು. ಹ್ಯಾಂಗರಿನಲ್ಲಿ ನಾವೆಲ್ಲ ಚಾಚಾ ಎನ್ನುತ್ತಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದರು. "ಪೈಲೇ ಸುನೋ, ಫಿರ್ ಘುಮಾವ್" ಎನ್ನುತ್ತಿದ್ದರು, ಮೊದಲು ಕೇಳು, ಆಮೇಲೆ ತಿರುಗಿಸು ಎಂದು. ಬೂಸ್ಟ್ ಪಂಪು ಹಾಕಿದಾಗ ಮೊದಲು ಟಕಟಕ ಎಂದು ಬೇಗ ಬಡಿಯುತ್ತದೆ. ಪೈಪು ತುಂಬಿದಂತೆ ಬಡಿತ ನಿಧಾನವಾಗಿ ಭಾರವಾಗುತ್ತದೆ. ಅಲ್ಲಿಯವರೆಗೆ ಸ್ಟಾರ್ಟರ್ ಮುಟ್ಟಬಾರದು. ರೋಟಾಕ್ಸ್ ತಣ್ಣಗಿದ್ದರೆ ಚೋಕ್ ಎಳೆಯಬೇಕು, ಥ್ರಾಟಲ್ ಪೂರ್ತಿ ಮುಚ್ಚಿರಬೇಕು. ಈ ಕಾರ್ಬುರೇಟರಿನಲ್ಲಿ ಥ್ರಾಟಲ್ ತೆರೆದರೆ ಚೋಕ್ ಕೆಲಸವನ್ನೇ ಮಾಡದು. ಬಿಸಿಯಿದ್ದರೆ ಚೋಕ್ ಬೇಡ. ವಿಮಾನವನ್ನು ಗಾಳಿಗೆ ಮುಖ ಮಾಡಿಸಿ ನಿಲ್ಲಿಸಿ, ಎಣ್ಣೆ ನೋಡುವ ಮುಚ್ಚಳ ತೆರೆದಿಟ್ಟು, ಪಂಪನ್ನು ಒಂದು ನಿಮಿಷ ಓಡಿಸಿ ಗುಳ್ಳೆ ತಳ್ಳಿಸಿದರೆ ಬಹುಮಟ್ಟಿಗೆ ಎದ್ದುಬಿಡುತ್ತದೆ. ಲೈಕಮಿಂಗ್ ಎಂಜಿನ್ನುಗಳಲ್ಲಿ ಕೆಲವರು ಥ್ರಾಟಲನ್ನೇ ಹಿಂದೆ ಮುಂದೆ ಆಡಿಸಿ ಪ್ರೈಮ್ ಮಾಡುತ್ತಾರೆ. ಎಂಜಿನ್ ತಿರುಗದಿರುವಾಗ ಹಾಗೆ ಚಿಮ್ಮಿದ ಇಂಧನ ಕೆಳಗಿನ ಗಾಳಿಪೆಟ್ಟಿಗೆಗೆ ಇಳಿದು, ಒಂದು ಬ್ಯಾಕ್‌ಫೈರಿಗೆ ಹೊತ್ತಿಕೊಳ್ಳುತ್ತದೆ. ಹೊತ್ತಿದರೆ ಮಿಕ್ಸ್ಚರ್ ಕಡಿದು, ಥ್ರಾಟಲ್ ತೆರೆದು, ಸ್ಟಾರ್ಟರ್ ಬಿಡದೆ ತಿರುಗಿಸಬೇಕು. ಬೆಂಕಿಯನ್ನು ಎಂಜಿನ್ನೇ ಒಳಗೆಳೆದುಕೊಳ್ಳುತ್ತದೆ.

ಎಂಜಿನ್ ಎದ್ದ ಮೇಲೆ ಬೂಸ್ಟ್ ಪಂಪು ಆರಿಸಿ ಒತ್ತಡ ನೋಡಬೇಕು, ಎಂಜಿನ್ನಿನ ಸ್ವಂತ ಪಂಪು ಜೀವಂತವಿದೆಯೇ ತಿಳಿಯುವುದು ಆಗಲೇ. ಟೇಕಾಫ್‌ಗೆ ಮತ್ತೆ ಹಾಕಿ, ಸಾವಿರ ಅಡಿ ಏರಿದ ಮೇಲೆ ಮುಳ್ಳಿನ ಮೇಲೆ ಕಣ್ಣಿಟ್ಟು ಆರಿಸಬೇಕು. ಎನ್‌ಎಎಲ್‌ನ ಹಂಸ-3ರಲ್ಲಿರುವ ರೋಟಾಕ್ಸ್ 914ಕ್ಕೆ ಈ ಪರೀಕ್ಷೆಯೇ ಇಲ್ಲ. ಅದರಲ್ಲಿ ಎಂಜಿನ್ ತಿರುಗಿಸುವ ಪಂಪೇ ಇಲ್ಲ, ಎರಡೂ ವಿದ್ಯುತ್ತಿನವು. ಗೆಳೆಯರ ವಿಮಾನದಲ್ಲಿ ಪಂಪಿನ ಸ್ವಿಚ್ಚನ್ನು ಒತ್ತಡದ ಮಾಪಕದ ನೇರ ಕೆಳಗೆ ಕೂರಿಸಿದ್ದೇವೆ. ಕಿಟ್ಟಿನ ನಕ್ಷೆಯಲ್ಲಿ ಒಂದು ಎಡತುದಿಗೆ, ಇನ್ನೊಂದು ಬಲತುದಿಗೆ ಇತ್ತು.